ಕಥೆ ಹಿಡಿದು ಮಡಿಕೇರಿಗೆ

ಮಡಿಕೇರಿಗೆ ಜನ ನಾನಾ ಕಾರಣಕ್ಕೆ ಹೋಗುತ್ತಾರೆ. ದೂರದವರು ರಾಜಾ ಸೀಟಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಲು, ಅಬ್ಬಿ ಜಲಪಾತದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು, ಜೇನು, ಕಾಫಿ ಪುಡಿ, ಏಲಕ್ಕಿ ಕೊಳ್ಳಲು ಬರುತ್ತಾರೆ. ಜಿಲ್ಲೆಯೊಳಗಿನ ನಮ್ಮಂಥವರು ಕೋರ್ಟು, ಕಚೇರಿ, ದೊಡ್ಡಾಸ್ಪತ್ರೆ, ಮದುವೆ ಮನೆ ಅಂತ ಹೋಗುತ್ತೇವೆ. ಚೀಲದಲ್ಲಿ ಕೈಬರಹದ ಕಥೆಯೊಂದನ್ನು ಇಟ್ಟುಕೊಂಡು ಹೋಗುವವರು ಅಪರೂಪವೇ ಇರಬೇಕು. ಈ ಸಲ ನಾನು ಹಾಗೆ ಹೋಗಿ ಬಂದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮನೆ ಕುಶಾಲನಗರದಲ್ಲಿ. ಕಥೆ ಬರೆಯುವುದು ದೊಡ್ಡ ಓದು ಓದಿದವರ ಕೆಲಸ, ಓದಿ ಸಂತೋಷಪಡುವುದು ನಮ್ಮ ಕೆಲಸ ಎಂದೇ ತಿಳಿದಿದ್ದವಳು. ಗ್ಯಾಸ್ ಕಟ್ಟೆಯ ಕೆಳಗೆ ಹಾಸಲು ಹಳೇ ಪೇಪರು ಬಿಡಿಸಿದಾಗ ಒಂದು ಸಣ್ಣ ಪ್ರಕಟಣೆ ಕಣ್ಣಿಗೆ ಬಿತ್ತು. ಜಿಲ್ಲೆಯ ಮಹಿಳಾ ಸಂಘವೊಂದು ಕನ್ನಡ ರಾಜ್ಯೋತ್ಸವದ ಅಂಗವಾಗಿ ಕಥಾ ಸ್ಪರ್ಧೆ ಇಟ್ಟಿತ್ತು. ಕೊಡಗಿನಲ್ಲಿ ವಾಸವಾಗಿರುವ ಹೆಂಗಸರು ಮಾತ್ರ ಭಾಗವಹಿಸಬಹುದು. 2,000 ಪದ ಮೀರಬಾರದು. ಕೈಬರಹವಾದರೂ ಅಡ್ಡಿಯಿಲ್ಲ. ಕಥೆಯ ಹಾಳೆಯ ಮೇಲೆ ಹೆಸರು ಇರಕೂಡದು, ಹೆಸರು ವಿಳಾಸ ಬೇರೆ ಹಾಳೆಯಲ್ಲಿ. ಕಡೆಯ ದಿನ ಆಗಸ್ಟ್ 5. ಇವೆಲ್ಲ ಎಲ್ಲ ಸ್ಪರ್ಧೆಗಳಲ್ಲೂ ಇರುವ ನಿಯಮಗಳೇ. ಆದರೆ ಕೊನೆಯ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ಕಥೆ ನೀವು ಕಂಡ ಊರಿನದು, ನೀವು ಕಂಡ ಬದುಕಿನದು ಆಗಿರಬೇಕು.'

ನಾನು ಕಂಡ ಊರಿನಲ್ಲಿ ಕಥೆ ಏನಿದೆ? ಪಾತ್ರೆ ತೊಳೆಯುತ್ತಾ ಅದನ್ನೇ ಯೋಚಿಸಿದೆ. ಯೋಚಿಸಿದಷ್ಟೂ ಮನಸ್ಸು ನನ್ನ ಅಕ್ಕನ ಮನೆಯ ಕಡೆಗೇ ಹೋಗುತ್ತಿತ್ತು. ಈಗ ಬಾಡಿಗೆಗೆ ಇರುವ ಮನೆಗಲ್ಲ, 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಹೋದ ಮನೆಗೆ.

ರಾತ್ರಿ ಎಲ್ಲರ ಊಟವಾದ ಮೇಲೆ ದಿನಕ್ಕೆ ಒಂದು ಹಾಳೆಯಂತೆ ಬರೆದೆ. 13 ಹಾಳೆಯಾಯಿತು. ಹದಿನಾಲ್ಕನೆಯದನ್ನು ಖಾಲಿ ಬಿಟ್ಟೆ. ಆ ರಾತ್ರಿ ಅಕ್ಕನ ಮನೆಯಲ್ಲಿ ನಿಜವಾಗಿ ಏನಾಯಿತೆಂದು ನನಗೆ ಗೊತ್ತಿರಲಿಲ್ಲ, ಅವಳು ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಕೇಳದೆ ಬರೆಯಲು ನನಗೆ ಮನಸ್ಸಿಲ್ಲ. ಅವಳಿಗೆ ಓದಿ ತೋರಿಸುವುದು, ಬೇಡ ಎಂದಳೋ, ಹಾಳೆಗಳು ನನ್ನ ಚೀಲದಲ್ಲೇ ವಾಪಸು ಎಂದು ನಿಶ್ಚಯ ಮಾಡಿಕೊಂಡು ಆಗಸ್ಟ್ 3ರ ಬೆಳಿಗ್ಗೆ ಹೊರಟೆ.

ಬಸ್ಸಿನ ಕಿಟಕಿಯಿಂದ

ಕುಶಾಲನಗರ ಕಾವೇರಿಯ ದಡದ ಊರು. ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಇನ್ನೊಂದಿಷ್ಟು ದೂರಕ್ಕೆ ಟಿಬೆಟಿನವರ ಬೈಲುಕುಪ್ಪೆ. ಬ್ರಿಟಿಷರ ಕಾಲದಲ್ಲಿ ಇದಕ್ಕೆ ಫ್ರೇಸರ್‌ಪೇಟೆ ಎಂದು ಹೆಸರು. ಇಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೇಟು. ಆಧಾರ್ ಕಾರ್ಡು ತೋರಿಸಿ ಟಿಕೇಟು ಪಡೆದು ಕಿಟಕಿ ಪಕ್ಕ ಕೂತೆ. ಹಾಳೆಗಳನ್ನು ಎರಡು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿ, ಅದರ ಮೇಲೆ ಟವೆಲು ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಒಳಗೆ ಏನಮ್ಮ, ಮೊಟ್ಟೆಯಾ?" ಅಂತ ಕೇಳಿದರು. "ಕಥೆ ಅಜ್ಜಿ" ಅಂದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತೆ. "ಹುಷಾರಾಗಿ ಹಿಡ್ಕೋ, ರಸ್ತೆ ಸರಿ ಇಲ್ಲ" ಅಂದರು.

ನಮ್ಮ ಕಡೆ ಮಳೆಯನ್ನು ನೋಡಿಯೇ ಊರು ಹೇಳಬಹುದು. ಕುಶಾಲನಗರ ಬಯಲು ಸೀಮೆಯ ಅಂಚು, ಅಲ್ಲಿ ಆವತ್ತು ಬರೀ ತುಂತುರು. ಗುಡ್ಡೆಹೊಸೂರು ದಾಟಿ ಆನೆಕಾಡಿನ ಮರಗಳ ನಡುವೆ ಹೋಗುವಾಗ ಹನಿ ದಪ್ಪವಾಯಿತು. ಏಳನೇ ಹೊಸಕೋಟೆ ಬರುವಷ್ಟರಲ್ಲಿ ಕಂಡಕ್ಟರು ಕಿಟಕಿ ಮುಚ್ಚಿ ಎಂದು ಕೂಗಿದರು. ಅಲ್ಲಿಂದಾಚೆ ರಸ್ತೆಯ ಎರಡೂ ಬದಿಗೆ ಕಾಫಿ ತೋಟ. ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಹಸಿರು ಕಾಯಿ ಕಚ್ಚಿದ ಕಾಫಿ ಗಿಡ. ಮದುವೆಯಾಗಿ ಬಂದಾಗಿನಿಂದ ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನ ಸಲ ಮಗು ಅಳುವುದನ್ನು ಸಮಾಧಾನ ಮಾಡುತ್ತಲೋ, ತೂಕಡಿಸುತ್ತಲೋ ಹೋದದ್ದು. ಕಥೆ ಬರೆಯಲು ಕೂತ ಮೇಲೆ ಕಣ್ಣು ಬೇರೆ ಥರ ನೋಡಲು ಶುರುಮಾಡಿದೆ. ಪ್ಲಾಸ್ಟಿಕ್ ಗೊಪ್ಪೆ ಹಾಕಿಕೊಂಡು ತೋಟದಿಂದ ಹೊರಬರುತ್ತಿದ್ದ ಕೂಲಿ ಹೆಂಗಸರು, ಅಂಗಡಿಯ ತಗಡಿನಿಂದ ಸುರಿಯುವ ನೀರಿಗೆ ಬಕೀಟು ಇಟ್ಟವಳು, ಶಾಲೆಯ ಹುಡುಗಿಯ ಚೀಲಕ್ಕೆ ತನ್ನ ಕೊಡೆ ಹಿಡಿದು ತಾನು ನೆನೆಯುತ್ತಿದ್ದ ತಾಯಿ, ಒಬ್ಬೊಬ್ಬರೂ ನಿಂತು ನೋಡಿದಷ್ಟು ಸ್ಪಷ್ಟವಾಗಿ ಕಂಡರು.

ಸುಂಟಿಕೊಪ್ಪದಲ್ಲಿ ಒಬ್ಬರು ಗೌರಮ್ಮ

ಕುಶಾಲನಗರಕ್ಕೂ ಮಡಿಕೇರಿಗೂ ಸರಿಸುಮಾರು ನಡುವೆ ಸಿಗುವ ಪೇಟೆ ಸುಂಟಿಕೊಪ್ಪ. ಬಸ್ಸು ಇಲ್ಲಿ ಐದು ನಿಮಿಷ ನಿಲ್ಲುತ್ತದೆ. ಬೇಕರಿ, ಮೀನಂಗಡಿ, ಆಟೋ ನಿಲ್ದಾಣ, ಜನವೋ ಜನ. ಕೆಳಗಿಳಿದು ಕಾಫಿ ಕುಡಿಯುವವರು ಕುಡಿಯುತ್ತಾರೆ. ಕನ್ನಡದ ಸಣ್ಣಕಥೆಯಲ್ಲಿ ಹೆಸರು ಮಾಡಿದ ಹೆಣ್ಣುಮಗಳೊಬ್ಬಳು ಈ ಪೇಟೆಯ ಹತ್ತಿರದ ತೋಟದಲ್ಲಿ ಸಂಸಾರ ಮಾಡಿಕೊಂಡು ಇದ್ದಳೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರೇ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿಗೇ ತಾಯಿಯನ್ನು ಕಳಕೊಂಡರು. 13ನೆಯ ವಯಸ್ಸಿಗೆ ಮದುವೆ. ಗಂಡ ಗೋಪಾಲಕೃಷ್ಣ ಅವರು ಇಲ್ಲಿಯ ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ ಮ್ಯಾನೇಜರು. ತೋಟದ ಮನೆ, ಸುತ್ತ ಕಾಡು, ಆರು ತಿಂಗಳ ಮಳೆ, ಕೈಗೂಸು. ಅದರ ನಡುವೆ ಅವರು ಟೆನ್ನಿಸ್ ಕಲಿತರು, ಈಜು ಕಲಿತರು, ಕಥೆ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಅವರನ್ನು ಬರಮಾಡಿಕೊಂಡು, ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟುಬಿಟ್ಟ ಗಟ್ಟಿಗಿತ್ತಿ. ಆಗ ಅವರಿಗೆ 22 ತುಂಬಿರಲಿಲ್ಲ.

1939ರ ಏಪ್ರಿಲ್ 13ರಂದು ಈಜಲು ಹೋದವರು ಸುಳಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು 27. ಅವರ ಮೊದಲ ಕಥಾಸಂಕಲನ 'ಕಂಬನಿ' ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ, ಬೇಂದ್ರೆಯವರ ಮುನ್ನುಡಿಯೊಂದಿಗೆ. ಆಮೇಲೆ 'ಚಿಗುರು' ಬಂತು. ವಿಧವೆಯರ ಪಾಡು, ಮೋಸಹೋದ ಹುಡುಗಿಯರು, ಹೆಂಗಸಿಗೆ ಒಂದು ನ್ಯಾಯ ಗಂಡಸಿಗೆ ಒಂದು ನ್ಯಾಯ ಎನ್ನುವ ಸಮಾಜ, ಇವುಗಳನ್ನು ಕುರಿತು ಆ ಕಾಲಕ್ಕೇ ಅಂಜದೆ ಬರೆದವರು. 'ವಾಣಿಯ ಸಮಸ್ಯೆ', 'ಅಪರಾಧಿ ಯಾರು?' ಎಂಬ ಕಥೆಗಳ ಹೆಸರು ನೋಡಿದರೇ ಅವರ ಮನಸ್ಸು ಎತ್ತ ಓಡುತ್ತಿತ್ತೆಂದು ತಿಳಿಯುತ್ತದೆ.

ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ಇಷ್ಟೆಲ್ಲ ಧೈರ್ಯವಿದ್ದ ಅವರು ಕಥೆಗಳ ಕೆಳಗೆ ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಗಂಡನ ಹೆಸರು. ಇವತ್ತು ಆ ಹೆಸರು ಹೇಳಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಕನ್ನಡನಾಡು ಅವರಿಗೆ ಅವರದೇ ಹೆಸರನ್ನು ಹಿಂದಕ್ಕೆ ಕೊಟ್ಟು, ಜೊತೆಗೆ ಊರಿನ ಹೆಸರನ್ನೂ ಸೇರಿಸಿ ಕೊಡಗಿನ ಗೌರಮ್ಮ ಎಂದು ಕರೆಯಿತು.

ಬಸ್ಸು ಹೊರಟಿತು. ನನ್ನ ಚೀಲದಲ್ಲಿ ಹೆಸರು ಬರೆಯಬೇಕಾದ ಹಾಳೆಯೂ ಖಾಲಿಯೇ ಇತ್ತು. ನಮ್ಮ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಅಂಗಡಿಯವರ ಮನೆಯವರು, ಇಂಥವನ ಅಮ್ಮ, ಇಂಥವರ ಸೊಸೆ. ಅದರಲ್ಲಿ ಬೇಸರವೇನೂ ಇಲ್ಲ. ಆದರೆ ಕಥೆಯ ಜೊತೆಗೆ ಯಾವ ಹೆಸರು ಹೋಗಬೇಕು ಎಂಬುದು ಕೆದಕಲ್, ಬೋಯಿಕೇರಿ ದಾಟಿ ಮಂಜಿನೊಳಗೆ ಬಸ್ಸು ಏರುವವರೆಗೂ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅಕ್ಕನ ಮನೆಯ ಮದ್ದು ಪಾಯಸ

ಮಡಿಕೇರಿಯಲ್ಲಿ ಇಳಿದಾಗ ಎದುರಿಗಿರುವವರ ಮುಖ ಕಾಣದಷ್ಟು ಮಂಜು. ಗುಡ್ಡದ ಮೇಲಿನ ಊರು, ಯಾವ ಬೀದಿಗೆ ಹೋದರೂ ಒಂದೋ ಏರಬೇಕು, ಇಲ್ಲ ಇಳಿಯಬೇಕು. ಅಕ್ಕನ ಬಾಡಿಗೆ ಮನೆ ಇಳಿಜಾರಿನ ಕಡೆಗಿದೆ. ಎರಡು ಕೋಣೆ, ಒಂದು ಅಡುಗೆ ಮನೆ. ಭಾವ ಈಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ.

ಆಗಸ್ಟ್ 3 ಎಂದರೆ ನಮ್ಮಲ್ಲಿ ವಿಶೇಷ. ಕಕ್ಕಡ 18 ಎಂದು ಕೊಡವರು, ಆಟಿ 18 ಎಂದು ಗೌಡರು ಕರೆಯುವ ದಿನ. ಮದ್ದು ಸೊಪ್ಪು ಎಂಬ ಗಿಡದಲ್ಲಿ ಆ ದಿನಕ್ಕೆ 18 ಬಗೆಯ ಔಷಧದ ಗುಣ ಕೂಡಿಕೊಳ್ಳುತ್ತದೆ ಎಂಬ ನಂಬಿಕೆ. ಜಾತಿ ಯಾವುದೇ ಇರಲಿ, ಕೊಡಗಿನಲ್ಲಿ ನೆಲೆಸಿದ ಅನೇಕರ ಮನೆಯಲ್ಲಿ ಆವತ್ತು ಮದ್ದು ಪಾಯಸ. ಮಾಡುವುದು ಕಷ್ಟವಲ್ಲ. ಸೊಪ್ಪನ್ನು ದಂಟಿನ ಸಮೇತ ತೊಳೆದು ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೋಸಿ, ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿದರೆ ಪಾಯಸ. ಮೇಲೆ ತುಪ್ಪವೋ ಜೇನೋ. ಕಾಡಿನ ಸೊಪ್ಪಿನ ಒಂದು ಬಗೆಯ ಘಮ ಮನೆ ತುಂಬ ಹರಡುತ್ತದೆ. ಮೊದಲ ಸಲ ತಿಂದವರು ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಬಣ್ಣ ನೋಡಿ ಹೆದರಬಾರದು, ಅಷ್ಟೆ! ಅದು ಸೊಪ್ಪಿನ ಬಣ್ಣ.

ಅಕ್ಕ ಮೊದಲಿದ್ದ ಮನೆಯ ಹಿಂದೆ ಈ ಗಿಡ ಬೇಲಿ ತುಂಬ ಇತ್ತು. ಈಗ ಪೇಟೆಯಲ್ಲಿ ಕಟ್ಟಿಗೆ ಇಷ್ಟು ಎಂದು ದುಡ್ಡು ಕೊಟ್ಟು ತರುತ್ತಾಳೆ. ಅವಳ ಮನೆ ಮಕ್ಕಂದೂರಿನ ಆಚೆಗೆ ಗುಡ್ಡದ ಮಗ್ಗುಲಲ್ಲಿತ್ತು. ಸಣ್ಣ ಕಾಫಿ ತೋಟ, ಮನೆ ಮುಂದೆ ಕಿತ್ತಳೆ ಗಿಡ, ಕೊಟ್ಟಿಗೆಯಲ್ಲಿ ಎರಡು ಹಸು. 2018ರ ಆಗಸ್ಟಿನ ನಡುವಿನ ಆ ಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ಸೀಳಿ ಕೆಳಗಿಳಿದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಪ್ರಾಣ ಹೋದವು, ಮನೆ ತೋಟಗಳು ಹೋದವು, ರಸ್ತೆಗಳು ಹೋದವು. ಅಕ್ಕನ ಮನೆಯವರು ಜೀವ ಉಳಿಸಿಕೊಂಡು ಬಂದರು. ಮನೆ ಇದ್ದ ಜಾಗದಲ್ಲಿ ಮರುದಿನ ಕೆಂಪು ಮಣ್ಣು ಮಾತ್ರ ಇತ್ತಂತೆ.

ಊಟವಾಗಿ ಪಾತ್ರೆ ಎತ್ತಿಟ್ಟ ಮೇಲೆ ನಾನು ಹಾಳೆ ಬಿಚ್ಚಿದೆ. "ಅಕ್ಕಾ, ಒಂದು ಕಥೆ ಬರೆದಿದ್ದೀನಿ. ನಿನ್ನ ಮನೇದು. ಓದ್ತೀನಿ, ಕೇಳು. ಬೇಡ ಅಂದ್ರೆ ಬೇಡ" ಅಂದೆ. ಅವಳು ಏನೂ ಹೇಳಲಿಲ್ಲ. ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಕಲ್ಲು ಆರಿಸಲು ಕೂತಳು. ನಾನು ಓದಿದೆ. ಹೊರಗೆ ಮಳೆ, ನಡುನಡುವೆ ಕಾಳಿನ ಸದ್ದು. 13 ಹಾಳೆ ಮುಗಿದಾಗ ಅವಳ ಕೈ ನಿಂತಿತ್ತು.

"ಆಮೇಲೆ?" ಅಂದಳು.

"ಆಮೇಲೆ ನಂಗೊತ್ತಿಲ್ಲ. ನೀನೇ ಹೇಳ್ಬೇಕು."

ಸ್ವಲ್ಪ ಹೊತ್ತು ಮೊರವನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಹೇಳಿದಳು. "ಆವತ್ತು ಹದಿನಾರನೇ ತಾರೀಕು. ದೋಸೆಗೆ ಅಂತ ಅಕ್ಕಿ ಉದ್ದು ನೆನೆ ಹಾಕಿದ್ದೆ. ಮೂರು ದಿನದಿಂದ ಕರೆಂಟಿರಲಿಲ್ಲ, ಒರಳಲ್ಲೇ ರುಬ್ಬೋಣ ಅಂತ ಇದ್ದೆ. ರಾತ್ರಿ ಗುಡ್ಡದ ಕಡೆಯಿಂದ ಲಾರಿ ಬಂದ ಹಾಗೆ ಸದ್ದಾಯ್ತು. ನಿನ್ನ ಭಾವ ಹಸುಗಳ ಹಗ್ಗ ಬಿಚ್ಚಿ ಓಡಿಸಿದರು. ಉಟ್ಟ ಬಟ್ಟೇಲಿ ಹೊರಟ್ವಿ. ಕತ್ತಲು, ಜಿಗಣೆ, ಕಾಲು ಹುಗಿಯೋ ಕೆಸರು. ಆವಾಗ ನನ್ನ ತಲೇಲಿ ಏನಿತ್ತು ಗೊತ್ತಾ? ಅಕ್ಕಿ ಪಾತ್ರೆ ಮುಚ್ಚಿದ್ದೆನಾ ಇಲ್ವಾ ಅಂತ. ಗಂಜಿ ಕೇಂದ್ರಕ್ಕೆ ಬಂದು ಮೂರು ದಿನ ಅದೇ ಯೋಚನೆ. ಮನೆ ಹೋಯ್ತು ಅಂತ ಎಲ್ಲರೂ ಬಂದು ಹೇಳ್ತಾ ಇದ್ರು. ನಾನು ಅಕ್ಕಿ ಹುಳಿ ಬಂದಿರುತ್ತೆ ಅಂತ ಯೋಚನೆ ಮಾಡ್ತಾ ಕೂತಿದ್ದೆ."

ನನಗೆ ಮಾತೇ ಹೊರಡಲಿಲ್ಲ. ಅವಳೇ ಮುಂದುವರಿಸಿದಳು. "ಇಷ್ಟು ವರ್ಷದಲ್ಲಿ ನೋಡೋಕೆ ಬಂದವರೆಲ್ಲ ಎಷ್ಟು ಎಕರೆ ಹೋಯ್ತು, ಎಷ್ಟು ಪರಿಹಾರ ಬಂತು ಅಂತ ಕೇಳಿದ್ರು. ಆ ರಾತ್ರಿ ಅಡುಗೆ ಮನೇಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ."

"ಬರೀಲಾ ಅಕ್ಕಾ?"

"ಬರಿ. ನನ್ನ ಹೆಸರು ಬೇಡ. ಬರೆದವಳ ಹೆಸರು ಮಾತ್ರ ಪೂರ್ತಿ ಹಾಕು, ಅಪ್ಪ ಇಟ್ಟ ಹೆಸರು."

ಅಲ್ಲೇ ಅಡುಗೆ ಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟು ಹದಿನಾಲ್ಕನೆಯ ಪುಟ ಬರೆದೆ. ಅವಳು ಕಾಫಿ ಮಾಡಿಕೊಟ್ಟಳು. ಬರೆದದ್ದನ್ನು ಓದಿದೆ. "ಜಿಗಣೆ ಜಾಸ್ತಿ ಇತ್ತು. ಅದನ್ನೂ ಸೇರಿಸು" ಅಂದಳು. ಸೇರಿಸಿದೆ.

ಕೋಟೆಯ ಆಚೆ ಬದಿಗೆ

ಕಥೆಗಳನ್ನು ತೆಗೆದುಕೊಳ್ಳುತ್ತಿದ್ದುದು ಸಂಘದ ಕಾರ್ಯದರ್ಶಿಯವರ ಮನೆಯಲ್ಲಿ. ಕೋಟೆಯ ಪಕ್ಕದ ರಸ್ತೆಯಲ್ಲಿ ಇಳಿದು ಹೋಗಬೇಕು. ಅಕ್ಕನೂ ಕೊಡೆ ಹಿಡಿದು ಜೊತೆಗೆ ಬಂದಳು. ಹೊತ್ತಿತ್ತು, ಕೋಟೆಯೊಳಗೂ ಒಂದು ಸುತ್ತು ಹೋದೆವು. ಲಿಂಗರಾಜನ ಕಾಲದ ಅರಮನೆ, ಅಂಗಳದಲ್ಲಿ ಎರಡು ಗಾರೆಯ ಆನೆಗಳು, ಹಳೆಯ ಇಗರ್ಜಿಯ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ. ಮಳೆಗೆ ಆನೆಗಳ ಮೈ ಮಿರಮಿರ ಮಿನುಗುತ್ತಿತ್ತು.

ಈ ಪುಟ್ಟ ಊರಿಗೂ ಕನ್ನಡ ಬರವಣಿಗೆಗೂ ಇರುವ ನಂಟು ಸಣ್ಣದಲ್ಲ. ಕನ್ನಡದಲ್ಲಿ ಸಣ್ಣಕಥೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು ಇಲ್ಲಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನವರ ಬಾಯಲ್ಲಿ ಇಂದಿಗೂ ಇರುವ 'ಹುತ್ತರಿ ಹಾಡು' ಅವರದೇ. 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ನೋಡದವರು ನಮ್ಮ ವಯಸ್ಸಿನವರಲ್ಲಿ ಕಡಿಮೆ. ಆ ಕಾದಂಬರಿ ಬರೆದ ಭಾರತೀಸುತರೂ ಕೊಡಗಿನವರೇ. ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ಮೂರು ಸಲ ನಡೆದಿದೆ. 1932ರಲ್ಲಿ ಡಿ.ವಿ.ಜಿ., 1981ರಲ್ಲಿ ಶಂಬಾ ಜೋಶಿ, 2014ರಲ್ಲಿ ನಾ. ಡಿಸೋಜ ಅಧ್ಯಕ್ಷರು. 2014ರ ಸಮ್ಮೇಳನಕ್ಕೆ ನಾನೂ ಹೋಗಿದ್ದೆ. ಊಟದ ಸಾಲಿನಲ್ಲಿ ನಿಂತದ್ದು, ಪುಸ್ತಕದ ಮಳಿಗೆಯಲ್ಲಿ ಒಂದು ಅಡುಗೆ ಪುಸ್ತಕ, ಒಂದು ಕಥೆ ಪುಸ್ತಕ ಕೊಂಡದ್ದು ನೆನಪಿದೆ.

2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸಣ್ಣಕಥೆಗಳ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಕಥೆ ಬರೆದವರು ಹಾಸನದವರು, ಅವುಗಳನ್ನು ಇಂಗ್ಲಿಷಿಗೆ ತಂದು ಬಹುಮಾನದಲ್ಲಿ ಪಾಲುಗೊಂಡ ದೀಪಾ ಭಾಸ್ತಿಯವರು ಮಡಿಕೇರಿಯವರು. ಕೊಡಗಿನ ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ತಂದವರೂ ಇವರೇ. ಮನೆ, ಬೀದಿ, ಗಂಡ, ಮಕ್ಕಳು, ಅತ್ತೆ, ನೆರೆಹೊರೆ ಎಂದು ನಾವು ದಿನಾ ನೋಡುವ ಬದುಕಿನ ಕಥೆಗಳೇ ಅಲ್ಲಿಯವರೆಗೆ ಹೋದವು. ಅಡುಗೆ ಮನೆಯ ವಿಷಯ ಸಣ್ಣದು ಎಂದು ಇನ್ನು ಯಾರೂ ಮೂಗು ಮುರಿಯುವಂತಿಲ್ಲ.

ಕಾರ್ಯದರ್ಶಿಯವರ ಮನೆಯ ಜಗಲಿಯಲ್ಲಿ ನಾನೊಬ್ಬಳೇ ಇರುತ್ತೇನೆಂದುಕೊಂಡಿದ್ದೆ. ಇಲ್ಲ, ಆರು ಜನ ಇದ್ದರು. ಅಂಚೆಗೆ ಹಾಕಿದರೆ ಈ ಮಳೆಯಲ್ಲಿ ತಲುಪುತ್ತದೋ ಇಲ್ಲವೋ ಎಂದು ನನ್ನ ಹಾಗೆಯೇ ಕೈಯಲ್ಲೇ ತಂದವರು. ನಾಪೋಕ್ಲಿನಿಂದ ಬಂದ ಅಂಗನವಾಡಿ ಕಾರ್ಯಕರ್ತೆ ಒಬ್ಬರು. ಪೊನ್ನಂಪೇಟೆಯಿಂದ ಅತ್ತೆ ಸೊಸೆ ಇಬ್ಬರೂ, ಒಬ್ಬರದು ಇನ್ನೊಬ್ಬರಿಗೆ ತೋರಿಸಿಲ್ಲವಂತೆ! ಕಾಲೇಜು ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಚೆಂದವಾಗಿ ಅಚ್ಚು ಹಾಕಿಸಿ ತಂದಿದ್ದಳು. ಮನೆಮಾತು ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಒಬ್ಬರದು ಮಲಯಾಳ, ಒಬ್ಬರದು ತುಳು. ಎಲ್ಲರೂ ಬರೆದದ್ದು ಕನ್ನಡದಲ್ಲಿ.

ಅಂಗನವಾಡಿಯವರು ಎಡಗೈಯಿಂದ ಬರೆದ ಕಥೆ ತಂದಿದ್ದರು. ಬಲಗೈ ಬಿದ್ದು ಪೆಟ್ಟಾಗಿ ಪಟ್ಟಿ ಕಟ್ಟಿತ್ತು. "ಕಡೇ ದಿನ ಮುಂದಕ್ಕೆ ಹೋಗಲ್ವಲ್ಲ ಅಕ್ಕ" ಅಂದರು ನಗುತ್ತಾ. ಅಕ್ಷರಗಳು ಒಂದೊಂದು ಒಂದೊಂದು ಕಡೆ ವಾಲಿದ್ದವು. ಆದರೆ ಎಲ್ಲೂ ಒಂದು ತಿದ್ದಿಲ್ಲ, ಒಡೆದಿಲ್ಲ. ನನಗೆ ಆ ಹಾಳೆಗಳನ್ನು ಕೈಯಿಂದ ಮುಟ್ಟಬೇಕೆನಿಸಿತು.

ಕಾರ್ಯದರ್ಶಿಯವರು ಒಂದು ನೋಟು ಪುಸ್ತಕದಲ್ಲಿ ಪ್ರತಿ ಕಥೆಗೂ ಸಂಖ್ಯೆ ಹಾಕಿ, ಹೆಸರಿನ ಹಾಳೆಯನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸುತ್ತಿದ್ದರು. ತೀರ್ಪುಗಾರರಿಗೆ ಸಂಖ್ಯೆ ಮಾತ್ರ ಕಾಣುವುದು. ನನ್ನ ಸರದಿ ಬಂತು. "ಹೆಸರಿನ ಹಾಳೆ ಖಾಲಿ ಇದೆಯಲ್ಲಮ್ಮ?" ಅಂದರು. ಪೆನ್ನು ತೆಗೆದುಕೊಂಡು ಬರೆದೆ. ಹಿಂದೆ 'ಶ್ರೀಮತಿ' ಇಲ್ಲದೆ, ಮುಂದೆ ಯಾರ ಹೆಂಡತಿ ಎಂದಿಲ್ಲದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ಕೂಗುತ್ತಿದ್ದ ಹೆಸರು. ಅಕ್ಕ ಭುಜದ ಮೇಲಿಂದ ಬಗ್ಗಿ ನೋಡಿ, "ಇನಿಶಿಯಲ್ ಬಿಟ್ಟೆ" ಅಂದಳು. ಅದನ್ನೂ ಹಾಕಿದೆ.

ಬರೆಯಬೇಕೆಂದು ಇರುವವರಿಗೆ ನಾಲ್ಕು ಮಾತು

ನಿಮ್ಮ ಊರಿನಲ್ಲೂ ಮಹಿಳಾ ಸಮಾಜ, ಯುವಕ ಸಂಘ, ಗ್ರಂಥಾಲಯ, ಸಾಹಿತ್ಯ ಪರಿಷತ್ತಿನ ಘಟಕ ಯಾವುದಾದರೂ ಒಂದು ಇಂಥ ಸ್ಪರ್ಧೆ ನಡೆಸುತ್ತಿರುತ್ತದೆ. ಊರಿನವರಿಗಾಗಿಯೇ ಇರುವ ಸ್ಪರ್ಧೆಯಲ್ಲಿ ಒಂದು ಅನುಕೂಲವಿದೆ. ಮದ್ದು ಸೊಪ್ಪು ಎಂದರೆ ಏನು, ಗೊಪ್ಪೆ ಎಂದರೆ ಏನು ಎಂದು ಅಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಾತಿನಲ್ಲೇ ಬರೆಯಬಹುದು. ಮೊದಲ ಸಲ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲು ಇಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ.

ನಿಯಮಗಳನ್ನು ಅಡುಗೆಯ ಅಳತೆಯ ಹಾಗೆ ಎರಡೆರಡು ಸಲ ಓದಿಕೊಳ್ಳಿ. ಪದಗಳ ಮಿತಿ ಹೇಳಿದ್ದರೆ ಮೀರಬೇಡಿ. ಒಂದು ಪುಟದ ಪದ ಎಣಿಸಿ ಪುಟಗಳಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ಜಾಗ ಬಿಟ್ಟು, ಸಾಲುಗಳ ನಡುವೆ ಅಂತರ ಕೊಟ್ಟು ಬರೆಯಿರಿ, ಪುಟದ ಸಂಖ್ಯೆ ಹಾಕಿ. ಹೆಸರು ಬೇರೆ ಹಾಳೆಯಲ್ಲಿ ಎಂದಿದ್ದರೆ ಕಥೆಯ ಮೇಲೆ ಎಲ್ಲೂ ಹೆಸರು ಬರಕೂಡದು. ಕಳಿಸುವ ಮುಂಚೆ ಜೆರಾಕ್ಸ್ ತೆಗೆಸಿ ಇಟ್ಟುಕೊಳ್ಳಿ, ಇಲ್ಲವೇ ಮಗನ ಕೈಲಿ ಮೊಬೈಲಿನಲ್ಲಿ ಫೋಟೋ ಹೊಡೆಸಿ ಇಡಿ. ಒಂದೇ ಕಥೆಯನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ.

ಯಾರದಾದರೂ ನಿಜವಾದ ಬದುಕನ್ನು ಬರೆಯುವುದಾದರೆ ಮೊದಲು ಅವರಿಗೆ ಓದಿ ತೋರಿಸಿ. ಹೆಸರು, ಊರು, ಕಸುಬು ಬದಲಾಯಿಸಿ. ಅವರು ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ನೆಂಟಸ್ತಿಕೆಗಿಂತ ಕಥೆ ದೊಡ್ಡದಲ್ಲ. ಆದರೆ ಕೇಳಿ ನೋಡಿ. ಕೇಳಿದಾಗ ಸಿಗುವುದು ನಾವು ಕೂತಲ್ಲೇ ಕಟ್ಟಿದ್ದಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿರುತ್ತದೆ. ಗುಡ್ಡ ಜರಿದ ಸದ್ದನ್ನು ಯಾರು ಬೇಕಾದರೂ ಬರೆದಾರು. ಮುಚ್ಚಿದ್ದೆನೋ ಇಲ್ಲವೋ ಎಂದು ಮೂರು ದಿನ ಕಾಡಿದ ಅಕ್ಕಿ ಪಾತ್ರೆಯನ್ನು ಅಕ್ಕ ಹೇಳದೆ ನಾನು ಬರೆಯಲು ಸಾಧ್ಯವೇ ಇರಲಿಲ್ಲ.

ಬಹುಮಾನದ ವಿಷಯ ಕೇಳುತ್ತೀರಲ್ಲವೆ? ಫಲಿತಾಂಶ ನವೆಂಬರಿನಲ್ಲಿ. ಮೊದಲ ಬಹುಮಾನಕ್ಕೆ ಒಂದಿಷ್ಟು ನಗದು, ಪುಸ್ತಕಗಳು, ಆಯ್ದ ಕಥೆಗಳನ್ನೆಲ್ಲ ಸೇರಿಸಿ ಒಂದು ಚಿಕ್ಕ ಪುಸ್ತಕ ತರುತ್ತಾರಂತೆ. ಬಂದರೆ ಸಂತೋಷ. ನಮ್ಮ ಮನೆಯವರು ಈಗಲೇ, "ಬಹುಮಾನ ಬಂದ್ರೆ ಮಿಕ್ಸಿ ರಿಪೇರಿ ಮಾಡಿಸ್ಬಹುದು" ಅಂತ ತಮಾಷೆ ಮಾಡುತ್ತಿದ್ದಾರೆ. ಆ ಎಡಗೈ ಬರಹದ ಕಥೆಗೆ ಬಂದರೂ ನನಗೆ ಅಷ್ಟೇ ಸಂತೋಷ.

ಅಕ್ಕ ಮಾತ್ರ ವಾರಕ್ಕೊಂದು ಸಲ ಫೋನು ಮಾಡುತ್ತಾಳೆ. ಮೊದಲೆಲ್ಲ ಕ್ಷೇಮ ಸಮಾಚಾರ, ಮಳೆ, ಕಾಫಿಯ ರೇಟು ಇಷ್ಟೇ ಮಾತು. ಈಗ ಹಳೇ ಮನೆಯ ವಿಷಯ ಹೇಳುತ್ತಾಳೆ. ಕಿತ್ತಳೆ ಗಿಡಕ್ಕೆ ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತ್ತು, ಹಸು ಯಾವ ಹೊತ್ತಿಗೆ ಕೂಗುತ್ತಿತ್ತು, ಬೇಲಿಯ ಮದ್ದು ಸೊಪ್ಪನ್ನು ಅತ್ತೆ ಹೇಗೆ ಕುದಿಸುತ್ತಿದ್ದರು ಎಂದೆಲ್ಲ. ನಾನು ಫೋನನ್ನು ಭುಜಕ್ಕೆ ಒತ್ತಿ ಹಿಡಿದು, ಒಲೆಯ ಪಕ್ಕದಲ್ಲಿಟ್ಟ ನೋಟು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮುಂದಿನ ವರ್ಷವೂ ಸ್ಪರ್ಧೆ ಇಡುತ್ತಾರಂತೆ.

ನೀವೂ ಒಂದು ನೋಟು ಪುಸ್ತಕ ತೆಗೆದಿಡಿ, ಸೋದರಿಯರೇ. ನಿಮ್ಮ ಊರಿನ ಕಥೆ ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಗೊತ್ತಿರುತ್ತದೆ? ಬರೆದ ಮೇಲೆ ನಿಮ್ಮ ಹೆಸರು ಹಾಕುವುದನ್ನು ಮರೆಯಬೇಡಿ. ಇನಿಶಿಯಲ್ ಸಮೇತ.